ನಮ್ಮ ಕಾಲಂ ಎಲ್ಲಿತ್ತು?



ಇದು ಉದ್ದದ ಪೋಸ್ಟ್, ಮೊದಲೇ ಹೇಳಿಬಿಡ್ತೀನಿ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ಗೆಳೆಯರು ನನ್ನ ಲಿಸ್ಟಿನಲ್ಲಿ ಬಹಳ ಜನ ಇದೀರಿ. ಮುಖ್ಯವಾಗಿ ನಿಮಗಾಗಿ ಬರೆದದ್ದು. ಉಳಿದವರೂ ಪುರುಸೊತ್ತು ಮಾಡಿಕೊಂಡು ಓದ್ರಿ.

ಹೋದ ವಾರ ನಮ್ಮ ತಾಲೂಕಿನ ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. ಅವರ ಶಾಲೆಗೆ ನೂರು ವರ್ಷ ತುಂಬ್ತಾ ಇದೆಯಂತೆ, ಸ್ಮರಣ ಸಂಚಿಕೆ ತರ್ತಾರಂತೆ. "ಅಣ್ಣಾ, ನಮ್ಮ ಭಾಗದ ಶಿಕ್ಷಣದ ಇತಿಹಾಸ ಎರಡು ಪುಟ ಬರೆದು ಕೊಡು. ಮಕ್ಕಳಿಗೂ ಓದಿಸೋ ಹಂಗಿರಲಿ" ಅಂದರು. ಜೊತೆಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, "ಇದು ಖರೇನಾ ನೋಡು" ಅಂದರು. ಅದನ್ನ ನೀವೂ ನೋಡಿರ್ತೀರಿ. ಬ್ರಿಟಿಷರು ಬರೋಕ್ಕಿಂತ ಮುಂಚೆ ಊರೂರಿಗೂ ಶಾಲೆ ಇದ್ದವು, ಎಲ್ಲಾ ಜಾತಿಯ ಮಕ್ಕಳೂ ಒಟ್ಟಿಗೆ ಓದ್ತಿದ್ದರು, ಇಂಗ್ಲಿಷರು ಬಂದು ಎಲ್ಲಾ ಕೆಡಿಸಿದರು ಅನ್ನುವ ಕಥೆ. ಕೆಳಗೆ ಆಧಾರ ಅಂತ ಹಳೇ ಬಳ್ಳಾರಿ ಕಲೆಕ್ಟರನ ವರದಿಯ ಹೆಸರು.

ಬಳ್ಳಾರಿ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯ್ತು. ಇದು ನಮ್ಮದೇ ಊರುಗಳ ಲೆಕ್ಕ. ಈಗ ನಾವು ವಿಜಯನಗರ ಜಿಲ್ಲೆ ಅಂತೀವಿ. ಆದರೆ ಹಂಪಸಾಗರ, ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಎಲ್ಲವೂ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. 1800ರಲ್ಲಿ ನಿಜಾಮ ಈ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ಮೊದಲು ಇಲ್ಲಿ ಆಡಳಿತ ಮಾಡಿದ ಥಾಮಸ್ ಮನ್ರೋ ಮುಂದೆ ಮದ್ರಾಸ್ ಗವರ್ನರ್ ಆದ. ಆತ 1822ರಲ್ಲಿ ಎಲ್ಲಾ ಕಲೆಕ್ಟರುಗಳಿಗೂ ಒಂದು ನಮೂನೆ ಕಳಿಸಿದ: ನಿಮ್ಮ ಜಿಲ್ಲೆಯಲ್ಲಿ ಶಾಲೆ ಎಷ್ಟು, ಮಕ್ಕಳೆಷ್ಟು, ಯಾವ ಜಾತಿ, ಗಂಡೆಷ್ಟು ಹೆಣ್ಣೆಷ್ಟು, ತುಂಬಿ ಕಳಿಸಿ ಅಂತ. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಮದ್ರಾಸ್ ಪ್ರಾಂತ್ಯದ ಕಲೆಕ್ಟರುಗಳ ಉತ್ತರಗಳಲ್ಲಿ ಇದೇ ಹೆಚ್ಚು ಹೆಸರಾದದ್ದು.

ಫಾರ್ವರ್ಡ್ ಮಾಡೋರು ಆ ಉತ್ತರ ಪೂರ್ತಿ ಓದಿರಲ್ಲ. ನಾನು ಗುಮಾಸ್ತ. ಕಾಗದ ಓದೋದೇ ನನ್ನ ಕಸುಬು. ಕಾಗದ ಓದುವಾಗ ವಾಕ್ಯಕ್ಕಿಂತ ಮೊದಲು ಕಾಲಂ ನೋಡಬೇಕು.

ಜಿಲ್ಲೆಯ ಜನಸಂಖ್ಯೆ 9,27,857. ಶಾಲೆ 533. ಮಕ್ಕಳು 6,641. ಅಂದರೆ ಸಾವಿರಕ್ಕೆ ಏಳು ಜನ. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಕನ್ನಡ ಕಲಿಸುವ ಶಾಲೆ 235, ತೆಲುಗು 226, ಮರಾಠಿ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗೆ ಮಾತ್ರ ಇದ್ದ ಪಾಠಶಾಲೆಗಳು. ಇಡೀ ಜಿಲ್ಲೆಯಲ್ಲಿ ಹೆಣ್ಣುಮಕ್ಕಳು ಅರವತ್ತು. ಆಗ ಬಳ್ಳಾರಿ ಜಿಲ್ಲೆ ಅಂದರೆ ಅನಂತಪುರವೂ ಅದರೊಳಗೇ. ಅಷ್ಟು ದೊಡ್ಡ ಸೀಮೆಗೆ ಅರವತ್ತು.

ಈಗ ಜಾತಿಯ ಕಾಲಂಗೆ ಬರೋಣ. ಮನ್ರೋ ಕಳಿಸಿದ ನಮೂನೆಯಲ್ಲಿ ಬ್ರಾಹ್ಮಣ, ವೈಶ್ಯ, ಶೂದ್ರ ಅಂತ ಬೇರೆ ಬೇರೆ ಕಾಲಂ ಇವೆ. ಆಮೇಲೆ "ಇತರೆ ಎಲ್ಲಾ ಜಾತಿ" ಅನ್ನೋದು ಒಂದು. ಕೊನೆಗೆ ಮುಸಲ್ಮಾನರು. ಹೊಲೆಯರು ಎಲ್ಲಿ? ಮಾದಿಗರು ಎಲ್ಲಿ? ಊರಿನ ಸತ್ತ ದನ ಹೊತ್ತವರು, ಮಿಣಿ ಚಮ್ಮಟಿಗೆ ಮಾಡಿಕೊಟ್ಟವರು, ತಳವಾರಿಕೆ ಮಾಡಿದವರು ಯಾವ ಕಾಲಂನಲ್ಲಿ ಕೂಡಬೇಕು? ಆ "ಇತರೆ"ಯೊಳಗೆ ಎಲ್ಲರನ್ನೂ ತುರುಕಿದರೆ ಅದರಿಂದ ಯಾರ ಓದೂ ಸಾಬೀತಾಗಲ್ಲ. 1983ರಲ್ಲಿ ಧರಂಪಾಲ್ ಇದೇ ವರದಿಗಳನ್ನೆಲ್ಲ ಒಟ್ಟು ಮಾಡಿ 'ದಿ ಬ್ಯೂಟಿಫುಲ್ ಟ್ರೀ' ಅಂತ ಪುಸ್ತಕ ತಂದರು. ಶೂದ್ರ ಮಕ್ಕಳು ಬಹಳ ಇದ್ದರು ಅಂತ ಅವರು ತೋರಿಸಿದ್ದು ಸುಳ್ಳಲ್ಲ. ಆದರೆ ಶೂದ್ರರು ಓದಿದರು ಅಂದರೆ ಎಲ್ಲರೂ ಓದಿದರು ಅಂತಲ್ಲ. ಊರು ಅಂದರೆ ಕೇರಿಯೂ ಸೇರಿ ಅಂತ ಯಾರೂ ತಿಳಿಯದೇ ಇದ್ದ ಕಾಲದ ಲೆಕ್ಕ ಅದು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಕ್ಯಾಂಪ್‌ಬೆಲ್ ತನ್ನ ಸರ್ಕಾರವನ್ನ ಹೊಗಳಿಕೊಂಡಿಲ್ಲ. ಹಿಂದೆ ಶಾಲೆ ಇದ್ದ ಊರುಗಳಲ್ಲಿ ಈಗ ಇಲ್ಲ, ಜನ ಬಡವಾಗಿದಾರೆ, ಮಕ್ಕಳಿಗೆ ತೂಕದ ಕೂಲಿ ಬಂದರೂ ಸಾಕು ಅಂತ ಕೆಲಸಕ್ಕೆ ಹಚ್ಚುತಾರೆ ಅನ್ನುವ ಅರ್ಥದಲ್ಲೇ ಬರೆದಾನೆ. ಕಂಪನಿ ನಮ್ಮ ಸೀಮೆಯನ್ನ ಹಿಂಡಿದ್ದು ಖರೆ. ಫಾರ್ವರ್ಡಿನಲ್ಲಿ ಅಷ್ಟು ಭಾಗ ಒಪ್ಪೋಣ.

ಅದೇ ವರದಿಯಲ್ಲಿ ಶಾಲೆ ಹೆಂಗೆ ನಡೀತಿತ್ತು ಅಂತ ಚೆಂದ ಬರೆದಾನೆ. ಮೇಷ್ಟ್ರುಗಳೇ, ಇದನ್ನ ಮಕ್ಕಳಿಗೆ ಹೇಳಿ ನೋಡ್ರಿ, ಬಿಟ್ಟ ಕಣ್ಣು ಬಿಟ್ಟಂಗೆ ಕೇಳ್ತಾರೆ. ಹುಡುಗರು ಮೊದಲು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದಬೇಕು. ಆಮೇಲೆ ಹಲಗೆ, ಕಡತ. ಕಡತ ಅಂದರೆ ಬಟ್ಟೆಗೆ ಅಂಟು, ಇದ್ದಿಲು ಹಚ್ಚಿ ಕಪ್ಪು ಮಾಡಿ ಮಡಚಿಟ್ಟದ್ದು. ಅದರ ಮೇಲೆ ಬಳಪದಿಂದ ಬರೆಯೋದು, ಅಳಿಸೋದು. ನಾನು ದಿನಾ ಆಫೀಸಿನಲ್ಲಿ ಟೇಬಲ್ಲಿಂದ ಟೇಬಲ್ಲಿಗೆ ಹೊರುವ ಕಡತ ಆಗಿನ ಹುಡುಗರ ಸ್ಲೇಟು! ಇದು ಗೊತ್ತಾದ ದಿನ ನಮ್ಮ ಸೆಕ್ಷನ್ನಿನವರಿಗೆಲ್ಲಾ ಹೇಳಿ ಬೈಸಿಕೊಂಡಿದೀನಿ. ದೊಡ್ಡ ಹುಡುಗರು ಸಣ್ಣವರಿಗೆ ಕಲಿಸುವ ಪದ್ಧತಿಯೂ ಇತ್ತು. ಅದನ್ನ ನೋಡಿಯೇ ಇಂಗ್ಲೆಂಡಿನವರೂ ಕಲಿತರು ಅಂತ ಕ್ಯಾಂಪ್‌ಬೆಲ್ ಮೆಚ್ಚಿಕೊಂಡಾನೆ.

ಬೆಳಿಗ್ಗೆ ಆರಕ್ಕೆ ಶಾಲೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಮೇಷ್ಟ್ರು ಸರಸ್ವತಿ ಅಂತ ಬರೀತಾರೆ, ಅದು ಮರ್ಯಾದೆ. ಎರಡನೆಯವನಿಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹಂಗೇ ಏರುತ್ತಾ ಹೋಗುತ್ತೆ.

ಇದನ್ನ ಓದಿದಾಗ ನನಗೆ ಹೊಳೆದದ್ದು ಒಂದೇ. ಅಂಗೈ ಮೇಲೆ ಬರೆಯಬೇಕಂದರೆ ಕೈ ಮುಟ್ಟಬೇಕಲ್ಲ. ನಮ್ಮ ಕೇರಿಯ ಮಗು ಕೋಳಿ ಕೂಗಿದ ಕೂಡಲೇ ಎದ್ದು ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದರೆ?

ಹಂಗೆ ಹೋಗಿ ನಿಂತ ಒಬ್ಬ ಹುಡುಗ ಇದ್ದಾನೆ. ನಮ್ಮ ಹೊಳೆ ದಾಟಿ ಪಡುವಣಕ್ಕೆ ಹೋದರೆ ಆಗ ಮುಂಬಯಿ ಪ್ರಾಂತ್ಯ, ಧಾರವಾಡ ಜಿಲ್ಲೆ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಮಹಾರ್ ಹುಡುಗ ಸರ್ಕಾರಕ್ಕೆ ಅರ್ಜಿ ಹಾಕಿದ. ಎಲ್ಲರಂಗೆ ಫೀಜು ಕಟ್ಟೋಕೆ ತಯಾರಿದೀನಿ, ಆದರೂ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲ ಅಂತ. ಪುಕ್ಕಟೆ ಕೇಳಿದ್ದಲ್ಲ, ದಯೆ ಕೇಳಿದ್ದಲ್ಲ. ದುಡ್ಡು ಕೊಡ್ತೀನಿ, ಸರ್ಕಾರದ ಶಾಲೆ, ಯಾಕೆ ಸೇರಿಸಲ್ಲ ಅಂದ.

ಮುಂಬಯಿ ಸರ್ಕಾರ ಜುಲೈ 21ಕ್ಕೆ ಠರಾವು ಮಾಡಿತು. (ಜೂನ್ ಅರ್ಜಿಗೆ ಜುಲೈನಲ್ಲಿ ಆದೇಶ! ಇಲ್ಲ ಅನ್ನಬೇಕಾದಾಗ ಫೈಲು ಯಾವಾಗಲೂ ಜೋರಾಗಿ ಓಡುತ್ತೆ.) ಠರಾವಿನ ಸಾರ ನನ್ನ ಮಾತಿನಲ್ಲಿ ಹೇಳ್ತೀನಿ. ನ್ಯಾಯ ಅರ್ಜಿದಾರನ ಕಡೆಗೇ ಇದೆ, ಸಂಶಯವಿಲ್ಲ. ಆದರೆ ತಲೆತಲಾಂತರದಿಂದ ಬಂದ ನಂಬಿಕೆಗಳನ್ನ ಒಬ್ಬಿಬ್ಬರಿಗಾಗಿ ಒಮ್ಮೆಲೇ ಕೆದಕಿದರೆ ಶಿಕ್ಷಣದ ಕೆಲಸಕ್ಕೇ ಹಾನಿ. ಈ ತೊಂದರೆ ಈ ಸರ್ಕಾರ ಹುಟ್ಟಿಸಿದ್ದಲ್ಲ. ಆದ್ದರಿಂದ ಅರ್ಜಿದಾರ ಕೇಳಿದಂತೆ ನಡುವೆ ಬರಲು ಆಗುವುದಿಲ್ಲ.

ಈ "ಆದರೆ" ನನಗೆ ಬಹಳ ಪರಿಚಯದ್ದು. ಇಪ್ಪತ್ತು ವರ್ಷದ ನೌಕರಿಯಲ್ಲಿ ಎಷ್ಟು ಟಿಪ್ಪಣಿಗಳಲ್ಲಿ ಇದನ್ನ ಟೈಪ್ ಮಾಡಿದೀನೋ. ಮನವಿ ಪರಿಶೀಲಿಸಲಾಗಿದೆ, ಸಮಂಜಸವಾಗಿದೆ, ಆದರೆ. ಆ ಠರಾವಿನಲ್ಲಿ ಹುಡುಗನಿಗೆ ಹೆಸರೂ ಇಲ್ಲ. ಬರೀ ಮಹಾರ್ ಅರ್ಜಿದಾರ.

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಕಲ್ಕತ್ತೆಯ ಭಾರತ ಸರ್ಕಾರ 1857ರ ಜನವರಿಯಲ್ಲಿ ಮುಂಬಯಿಗೆ ಬರೆಯಿತು: ನೀವು ಮಾಡಿದ್ದು ಜಾಣತನವೇ ಇರಬಹುದು, ಆದರೂ ಬಂಗಾಳದಲ್ಲಾಗಿದ್ದರೆ ಈ ಹುಡುಗನಿಗೆ ಇಲ್ಲ ಅನ್ನುತ್ತಿರಲಿಲ್ಲ ಅಂತ. ಆಮೇಲೆ ದೇಶದಲ್ಲಿ ದಂಗೆ ಎದ್ದಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರದ ಶಾಲೆಗಳು ಎಲ್ಲಾ ವರ್ಗದವರಿಗೂ ತೆರೆದಿರತಕ್ಕದ್ದು, ಈ ತತ್ವ ಬಿಡಲು ಆಗದು ಅಂತ ಹೇಳಿದರು. ಧಾರವಾಡದ ಹೆಸರಿಲ್ಲದ ಹುಡುಗ ಹಾಕಿದ ಒಂದು ಅರ್ಜಿ ಮುಂಬಯಿ, ಕಲ್ಕತ್ತೆ, ಲಂಡನ್ ತಿರುಗಿ ಒಂದು ತತ್ವವಾಗಿ ವಾಪಸ್ ಬಂತು. ಆತ ಮಾತ್ರ ಹೊರಗೇ ಉಳಿದ.

ಇದು ನಮಗೆ ಗೊತ್ತಾಗಿದ್ದು ಬಾಬಾಸಾಹೇಬರಿಂದ. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಕಾಗದಗಳನ್ನ ಒಂದೊಂದಾಗಿ ಜೋಡಿಸಿಟ್ಟರು. ತತ್ವ ಏನು ಕೊಟ್ಟಿತು ಅಂತ ಅಂಕಿ ಹಾಕಿ ತೋರಿಸಿದರು. 1881-82ರ ಹೊತ್ತಿಗೂ ಮುಂಬಯಿ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ ನಮ್ಮ ಮಕ್ಕಳು ನೂರಕ್ಕೆ ಒಬ್ಬರೂ ಇಲ್ಲ. ಕಾಲೇಜಿನಲ್ಲಿ ಸೊನ್ನೆ. ಅವರ ಬರಹ ಭಾಷಣಗಳ ಸಂಪುಟಗಳು ಕನ್ನಡದಲ್ಲೂ ಬಂದಿವೆ. ಬಹಳಷ್ಟು ಶಾಲೆಗಳ ಬೀರುವಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೇ ಕೂತಿವೆ, ನಾನೇ ಕಣ್ಣಾರೆ ನೋಡೀನಿ.

ಬಾಬಾಸಾಹೇಬರು ಬರೀ ಬರೆದು ಬಿಟ್ಟವರಲ್ಲ. ಅದೇ 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿ ಹಾಸ್ಟೆಲ್ ಶುರು ಮಾಡಿದರು. ಪನವೇಲ್, ಠಾಣೆ, ನಾಸಿಕ್, ಪುಣೆ ಜೊತೆಗೆ ಒಂದು ಧಾರವಾಡದಲ್ಲಿ. ಎಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಹುಡುಗನಿಗೆ ಬಾಗಿಲು ಹಾಕಿದ ಊರಲ್ಲೇ ನಮ್ಮ ಮಕ್ಕಳು ಉಂಡು, ಮಲಗಿ, ಓದೋಕೆ ಒಂದು ಮನೆ ಆಯ್ತು.

ಮದ್ರಾಸ್ ಕಡೆ ಹಾದಿ ಬೇರೆ. 1882ರ ಹಂಟರ್ ಆಯೋಗ ಎಲ್ಲರಿಗೂ ಹಕ್ಕಿದೆ ಅಂದಿತು, ಆದರೆ (ಮತ್ತೆ ಅದೇ ಆದರೆ) ಜಗಳ ಆಗೋ ಕಡೆ ಬೇರೆ ಶಾಲೆ ಮಾಡಿ ಅಂತಲೂ ಸೇರಿಸಿತು. ಬೇರೆ ಶಾಲೆ ಅನ್ನೋದು ಒಂದು ಕಡೆ ಅವಮಾನ, ಇನ್ನೊಂದು ಕಡೆ ಅದೊಂದೇ ಬಾಗಿಲು. ನಮ್ಮದೇ ಪ್ರಾಂತ್ಯದ ಇನ್ನೊಂದು ತುದಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸಾರಸ್ವತ ಬ್ರಾಹ್ಮಣ, ವಕೀಲ. ಅವರದೇ ಜಾತಿಯವರು ಬಹಿಷ್ಕಾರ ಹಾಕಿದರು. ಶಾಲೆಗೆ ಬರೋ ಮಕ್ಕಳ ದಿನದ ಕೂಲಿ ತಪ್ಪುತ್ತೆ ಅಂತ ಕೈಯಿಂದ ಪೈಸೆ ಕೊಟ್ಟು ಕೂರಿಸಿದರು ಅಂತ ಅಲ್ಲಿನವರು ಈಗಲೂ ನೆನೆಸ್ತಾರೆ. ಈಗಿನ ಬಿಸಿಯೂಟ, ವಿದ್ಯಾರ್ಥಿವೇತನಕ್ಕೆಲ್ಲ ಅಜ್ಜ ಅದು.

ನಮ್ಮ ಕಡೆ ಅಂಥ ರಂಗರಾವ್ ಬರಲಿಲ್ಲ. ಮದ್ರಾಸ್ ಸರ್ಕಾರ 1919-20ರ ಸುಮಾರಿಗೆ ನಮ್ಮವರ ಕೆಲಸವನ್ನೆಲ್ಲ ಲೇಬರ್ ಕಮಿಷನರ್ ಕೈಗೆ ಕೊಟ್ಟಿತು. ಬಾವಿ, ಮನೆ ಜಾಗ, ಶಾಲೆ ಎಲ್ಲಾ ಲೇಬರ್ ಇಲಾಖೆ. ಓದೋ ಮಕ್ಕಳನ್ನೂ ಕೂಲಿ ಖಾತೆಯಲ್ಲೇ ಇಟ್ಟರು ನೋಡ್ರಿ! 1922ರಲ್ಲಿ ಎಂ. ಸಿ. ರಾಜಾ ಮದ್ರಾಸ್ ಶಾಸನಸಭೆಯಲ್ಲಿ ಗೊತ್ತುವಳಿ ತಂದು, ಕಾಗದಪತ್ರಗಳಲ್ಲಿ ಪಂಚಮ, ಪರಯ ಅನ್ನೋದು ಹೋಗಿ ಆದಿ ದ್ರಾವಿಡ, ಆದಿ ಆಂಧ್ರ ಅಂತ ಬರುವಂಗೆ ಮಾಡಿದರು. 1953ರ ಅಕ್ಟೋಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದಾಗ ಅಲ್ಲಿ ಆದಿ ಕರ್ನಾಟಕ ಅನ್ನೋದು ಆಗಲೇ ಇತ್ತು. ನಡುವೆ ಹರಿಜನ. ಹೀಗೆ ಒಂದೇ ಮನೆಯ ಮೂರು ತಲೆಮಾರಿಗೆ ಮೂರು ಹೆಸರು.

ಇದೆಲ್ಲ ಎಲ್ಲಿ ಸಿಗುತ್ತೆ ಗೊತ್ತೇನು? ಲಂಡನ್ನಿಗೆ ಹೋಗಬೇಕಿಲ್ಲ. ನಿಮ್ಮ ಶಾಲೆಯ ಬೀರುವಿನಲ್ಲಿದೆ. ದಾಖಲಾತಿ ರಿಜಿಸ್ಟರ್.

ನಾನು ಒಂದು ಹಳೇ ರಿಜಿಸ್ಟರ್ ಕೈಯಲ್ಲಿ ಹಿಡಿದದ್ದು ನಮ್ಮಪ್ಪನ ಹೆಸರು ಹುಡುಕೋಕೆ. ಜಾತಿ ಪ್ರಮಾಣಪತ್ರಕ್ಕೆ ಶಾಲೆಯ ದಾಖಲೆ ಬೇಕಿತ್ತು. ಊರ ಹೆಸರು, ಶಾಲೆ ಹೆಸರು ಬರೆಯಲ್ಲ. ಅಪ್ಪನ ಹೆಸರು ಸಿಕ್ಕಿತು, ನೇರಳೆ ಮಸಿಯಲ್ಲಿ ದುಂಡಗೆ ಬರೆದದ್ದು. ಹುಟ್ಟಿದ ದಿನ ಜೂನ್ 1. ಆ ಪುಟದಲ್ಲಿ ನಮ್ಮ ಕೇರಿಯ ಎಲ್ಲರೂ ಹುಟ್ಟಿದ್ದು ಜೂನ್ 1! ಮೇಷ್ಟ್ರು ಕೈ ನೀಡಿ ಕಿವಿ ಮುಟ್ಟಿಸಿ ವಯಸ್ಸು ಅಳೆದಿರಬೇಕು. ಜಾತಿ ಕಾಲಂನಲ್ಲಿ ಅಪ್ಪನಿಗೆ ಹರಿಜನ. ಎರಡು ಸಾಲು ಕೆಳಗೆ ಅಪ್ಪನ ಸ್ವಂತ ಚಿಕ್ಕಪ್ಪನ ಮಗನಿಗೆ ಆದಿ ದ್ರಾವಿಡ. ಬರೆದವರು ಬೇರೆ, ಹೆಸರು ಬೇರೆ. 2025ರ ಮೇ ತಿಂಗಳಲ್ಲಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆಗೆ ಮೇಷ್ಟ್ರುಗಳೇ ಮನೆ ಮನೆಗೆ ಬಂದು, "ಆದಿ ಕರ್ನಾಟಕ ಸರಿ, ಮೂಲ ಜಾತಿ ಯಾವುದು ಹೇಳ್ರಿ" ಅಂತ ಕೇಳಿದರಲ್ಲ, ಆ ಪ್ರಶ್ನೆಯ ಬೇರು ಈ ಪುಟದಲ್ಲಿತ್ತು.

ಕೊನೆಯ ಕಾಲಂ ಶಾಲೆ ಬಿಟ್ಟ ಕಾರಣ. ಅಪ್ಪನಿಗೆ "ದನ ಕಾಯಲು". ನಾಲ್ಕನೇ ಇಯತ್ತೆ. ಅಪ್ಪ ಎಂದೂ ಹೇಳಿರಲಿಲ್ಲ, ತನಗೇ ಓದು ಹತ್ತಲಿಲ್ಲ ಅಂತಿದ್ದ. ಸಾಯೋವರೆಗೂ ಹಂಗೇ ಅಂದ.

ಇನ್ನೊಂದು ಕಾಲಂ ಇದೆ, ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತಂದೆಯ ಹೆಸರು. ದೇವದಾಸಿ ತಾಯಂದಿರ ಮಕ್ಕಳು ಆ ಕಾಲಂ ಎದುರು ನಿಂತು ಎಷ್ಟು ಬೆವರಿದಾರೋ. ಮುತ್ತು ಕಟ್ಟೋದನ್ನ 1982ರ ಕಾನೂನು ನಿಷೇಧಿಸಿತು, ಕಾಲಂ ಉಳಿಯಿತು. ತಂದೆ ಹೆಸರಿಗಾಗಿ ಮಕ್ಕಳನ್ನ ಒತ್ತಾಯ ಮಾಡಬಾರದು ಅನ್ನೋದು 2025ರ ಹೊಸ ಮಸೂದೆಯಲ್ಲಿ ಬಂದಿದೆ. ಮೇಷ್ಟ್ರುಗಳೇ, ಅಲ್ಲಿವರೆಗೂ ಕಾದವರೆಷ್ಟು ಅಂತ ನಿಮ್ಮ ರಿಜಿಸ್ಟರಿನಲ್ಲೇ ಎಣಿಸಬಹುದು.

ನಾನು ಎರಡು ವರ್ಷ ಬಿಟ್ಟು ಅದೇ ಶಾಲೆಗೆ ಮತ್ತೆ ಹೋದೆ, ಉಳಿದ ಪುಟಗಳ ಫೋಟೋ ತೆಗೆಯೋಣ ಅಂತ. ಸುಣ್ಣ ಬಣ್ಣ ಮಾಡಿಸುವಾಗ ಹಳೇ ಪುಸ್ತಕಗಳ ಜೊತೆ ಆ ರಿಜಿಸ್ಟರೂ ರದ್ದಿಗೆ ಹೋಗಿತ್ತು. ಯಾರೂ ಬೇಕಂತ ಮಾಡಿದ್ದಲ್ಲ, ಗೆದ್ದಲು ಹತ್ತಿತ್ತು ಅಂದರು. ನಮ್ಮಪ್ಪ ಒಂದು ಕಾಲಕ್ಕೆ ಶಾಲೆಗೆ ಹೋಗಿದ್ದ ಅನ್ನೋಕೆ ನನ್ನ ಹತ್ತಿರ ಈಗ ಇರೋದು ಒಂದು ಉದ್ಧೃತ ಪ್ರತಿ ಮಾತ್ರ.

ಅದಕ್ಕೇ ಸ್ಮರಣ ಸಂಚಿಕೆಯ ಮೇಷ್ಟ್ರಿಗೆ ಅಂದೆ, ಎರಡು ಪುಟ ನಾನು ಬರೆಯೋದು ಬ್ಯಾಡ, ಮಕ್ಕಳಿಂದ ಬರೆಸ್ರಿ ಅಂತ. ಎಂಟನೇ ತರಗತಿ ಮಕ್ಕಳಿಗೆ ಸಾಕು. ಹೆಸರಿನ ಕಾಲಂ ಮೇಲೆ ಒಂದು ಹಾಳೆ ಅಂಟಿಸಿ ಮುಚ್ಚಿಬಿಡ್ರಿ. ಬದುಕಿದ್ದವರ ಹೆಸರು, ಜಾತಿ ಒಟ್ಟಿಗೆ ಮಕ್ಕಳ ಕೈಗೆ ಹೋಗಬಾರದು, ಮೊಬೈಲಿಗಂತೂ ಹೋಗಲೇಬಾರದು. ಉಳಿದ ಕಾಲಂಗಳಿಂದ ಹತ್ತು ಹತ್ತು ವರ್ಷಕ್ಕೊಮ್ಮೆ ಎಣಿಸಲಿ. ಕೇರಿಯಿಂದ ಮೊದಲ ಮಗು ಸೇರಿದ್ದು ಯಾವ ವರ್ಷ? ಕೇರಿಯ ಮೊದಲ ಹುಡುಗಿ? ಅವರಿಬ್ಬರ ನಡುವೆ ಎಷ್ಟು ವರ್ಷ? ಶಾಲೆ ಬಿಟ್ಟ ಕಾರಣದ ಕಾಲಂ ಒಂದಕ್ಕೇ ಒಂದು ಪೂರ್ತಿ ಪಿರಿಯಡ್ ಇಡ್ರಿ. ಕೂಲಿ, ದನ, ಮದುವೆ, ಗುಳೆ, ಯಾವುದು ಎಷ್ಟು ಸಲ ಬಂದಿದೆ ಅಂತ ಪಟ್ಟಿ ಹಾಕಲಿ. ಗಣಿತದ ಸ್ತಂಭಾಲೇಖಕ್ಕೂ ಅದೇ ಲೆಕ್ಕ ಬಳಸಬಹುದು. ಆಮೇಲೆ ಕ್ಯಾಂಪ್‌ಬೆಲ್ ಅಂಕಿ ಬೋರ್ಡಿನ ಮೇಲೆ ಬರೀರಿ, ಧಾರವಾಡದ ಹುಡುಗನ ಅರ್ಜಿಯ ಕಥೆ ಹೇಳ್ರಿ, ಆ ಠರಾವಿಗೆ ಮಕ್ಕಳೇ ಉತ್ತರ ಬರೀಲಿ.

ಮೇಷ್ಟ್ರು ಅಂದರು, "ಜಾತಿ ಮಾತು ತರಗತಿಗೆ ತಂದರೆ ಪಾಲಕರು ಗಲಾಟೆ ಮಾಡ್ತಾರಣ್ಣ." ಅವರ ಭಯ ನನಗೆ ಅರ್ಥ ಆಗುತ್ತೆ. 2022ರ ಪಠ್ಯಪುಸ್ತಕದ ಗಲಾಟೆ ಯಾರೂ ಮರೆತಿಲ್ಲ. ಆದರೆ ತರಗತಿಯಲ್ಲಿ ಕೂತ ಮಕ್ಕಳಿಗೆ ಯಾರ ಮನೆ ಎಲ್ಲಿದೆ, ಯಾರ ಮನೇಲಿ ಯಾರು ನೀರು ಕುಡಿಯಲ್ಲ ಅನ್ನೋದು ನಮ್ಮ ನಿಮ್ಮಷ್ಟೇ ಗೊತ್ತು. ದಿನಾ ಬೆಳಿಗ್ಗೆ ಸಂವಿಧಾನ ಪೀಠಿಕೆ ಓದಿಸ್ತೀರಿ, ಸಮಾನತೆ ಅಂತ ಗಟ್ಟಿಯಾಗಿ ಹೇಳ್ತಾರೆ. ಆ ಪದ ಇಲ್ಲದಾಗ ಈ ಕಟ್ಟಡದೊಳಗೇ ಏನಿತ್ತು ಅಂತ ತೋರಿಸೋಕೆ ಇದಕ್ಕಿಂತ ಒಳ್ಳೇ ಪಾಠೋಪಕರಣ ಯಾವ ಅಂಗಡಿಯಲ್ಲೂ ಸಿಗಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಶಾಲೇಲಿ ಹಳೇವು ಐದಾರು ರಿಜಿಸ್ಟರ್ ಅದಾವು, ತೆಗೆದು ನೋಡಿಲ್ಲ" ಅಂದರು.

ಶನಿವಾರ ಮಧ್ಯಾಹ್ನ ನಾನು ಬರ್ತೀನಿ ಅಂದೀನಿ. ಬೇವಿನ ಎಲೆ, ಪುಟದ ನಡುವೆ ಇಡೋಕೆ ಬಿಳಿ ಹಾಳೆ, ಒಂದು ಮೆತ್ತನೆ ಬ್ರಶ್ ತರ್ತೀನಿ. ನಿಮ್ಮ ಶಾಲೆಗೂ ಬರಬೇಕಂದರೆ ಕಾಮೆಂಟಿನಲ್ಲಿ ಊರ ಹೆಸರು ಹಾಕ್ರಿ. ಹೆಡ್‌ಮಾಸ್ಟರ್ ಅನುಮತಿ ಮೊದಲೇ ತಗೊಂಡಿರ್ರಿ. ಬೀರುವಿನ ಕೀಲಿ ಯಾರ ಹತ್ತಿರ ಐತಿ ಅಂತ ಕೇಳಿ ಇಟ್ಟಿರ್ರಿ.